ಬೈಕಿಗೊಂದು ಕಾರಿನ ಟೈರು

ಅಂಗಳದ ಮೂಲೆಯಲ್ಲಿ ಬಿದ್ದಿರುವ ಬೈಕಿನ ಹಳೆಯ ಟೈರಿನೊಳಗೆ ನಮ್ಮ ಬೆಕ್ಕು ಮರಿ ಹಾಕಿದೆ. ಹತ್ತಿರ ಹೋದರೆ ಬೆನ್ನು ಬಾಗಿಸಿ ಬುಸುಗುಡುತ್ತದೆ. ಆ ಟೈರು ಸಮುದ್ರ ದಾಟಿ ಬಂದದ್ದು, ಅದು ಬರುವವರೆಗೆ ನಮ್ಮ ಯಜಮಾನರು ಒಂದು ಮಳೆಗಾಲವಿಡೀ ಕಾದು ಕೂತಿದ್ದರು ಎಂಬುದೆಲ್ಲ ಬೆಕ್ಕಿಗೆ ಬೇಕಾಗಿಲ್ಲ. ಅದಕ್ಕೆ ನಾಯಿಯ ಮೂತಿ ಸಲೀಸಾಗಿ ತೂರದ ಒಂದು ಜಾಗ ಬೇಕಿತ್ತು. ಈ ಟೈರನ್ನು ಯಾವುದಕ್ಕೆಂದು ಮಾಡಿದ್ದು, ಇದರಲ್ಲಿ ಮರಿ ಹಾಕಬಹುದೇ ಎಂದು ಅದು ಯಾರನ್ನೂ ಕೇಳಲಿಲ್ಲ. ಹಾಗಾಗಿ ಈಗೀಗ ನನಗೆ ಬೆಕ್ಕನ್ನು ಕಂಡರೆ ಸ್ವಲ್ಪ ಗೌರವ.

ನನ್ನನ್ನು ಮಾತ್ರ ಎಲ್ಲರೂ ಕೇಳುತ್ತಾರೆ. ಬೆಳಗೋಡಿನ ಬಸ್ ಸ್ಟ್ಯಾಂಡಿನ ಹತ್ತಿರ ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆದರೆ ಜನ ಮೊದಲು ನನ್ನ ನರೆತ ಕೂದಲು ನೋಡುತ್ತಾರೆ, ಆಮೇಲೆ ಚೂಡಿದಾರದ ಮೇಲೆ ಹಾಕಿದ ಜಾಕೆಟ್ಟು ನೋಡುತ್ತಾರೆ. ಅಷ್ಟು ಹೊತ್ತಿಗೆ ಯಾರಾದರೊಬ್ಬರು ಬಗ್ಗಿ ಹಿಂದಿನ ಚಕ್ರ ನೋಡಿರುತ್ತಾರೆ. ಅಲ್ಲಿಗೆ ನನ್ನ ವಯಸ್ಸೂ ಮರೆತುಹೋಯಿತು, ನಾನು ಹೆಂಗಸು ಎಂಬುದೂ ಮರೆತುಹೋಯಿತು.

"ಇದೇನಕ್ಕ, ಬೈಕಿಗೆ ಕಾರ್ ಟೈರ್ ಹಾಕ್ಸಿದ್ದೀರಾ?"

ಹೌದು, ಹಾಕಿಸಿದ್ದೇನೆ. ಕಣ್ತಪ್ಪಿನಿಂದಲ್ಲ, ಬುದ್ಧಿ ಕೆಟ್ಟೂ ಅಲ್ಲ. ಬೇಕೆಂದೇ ಹಾಕಿಸಿದ್ದೇನೆ. ಯಾಕೆಂದು ಹೇಳುತ್ತೇನೆ, ಆದರೆ ನನ್ನನ್ನು ನೋಡಿ ನೀವು ಹಾಕಿಸಬೇಡಿ. ಬೈಕು ಮಾಡಿದ ಕಂಪನಿ ಬೇಡ ಎನ್ನುತ್ತದೆ, ತಿಳಿದವರು ಬೇಡ ಎನ್ನುತ್ತಾರೆ, ಬಿದ್ದರೆ ಒಡೆಯುವ ಮಂಡಿ ನಿಮ್ಮದು. ನನ್ನ ಮಂಡಿಯ ಮೇಲೆ ಮಾತ್ರ ನನಗೆ ಅಧಿಕಾರ ಇದೆ.

ಬೈಕಿನ ವಿಷಯ ಮೊದಲು ಹೇಳಬೇಕು. ನಮ್ಮ ಯಜಮಾನರು ಸಕಲೇಶಪುರದ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಅಲ್ಲಿನ ಸಾವ್ಕಾರ್ರು ಪ್ರಾಯದಲ್ಲಿ ಊರೂರು ತಿರುಗಲು ತರಿಸಿಕೊಂಡಿದ್ದ ಬೈಕು ಅದು. ಎರಡು ಪಕ್ಕಕ್ಕೆ ಎರಡು ಪೆಟ್ಟಿಗೆ, ಹಿಂದೊಂದು ಪೆಟ್ಟಿಗೆ, ಹಿಂದೆ ಕೂತವರಿಗೆ ಒರಗಿಕೊಳ್ಳಲು ಮೆತ್ತೆ. ನಿಂತಿದ್ದರೆ ಮೆಲುಕು ಹಾಕುವ ಎಮ್ಮೆಯ ಹಾಗೆ ಕಾಣುತ್ತದೆ. ಸಾವ್ಕಾರ್ರಿಗೆ ಸೊಂಟ ಹಿಡಿದ ಮೇಲೆ ಅದು ಕಾಫಿ ಸ್ಟೋರಿನ ಮೂಲೆ ಸೇರಿತು. ಕೆಲಸದವರ ಲೈನ್ ಮನೆಗಳ ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆ ಇಡುತ್ತಿದ್ದವು. ಯಜಮಾನರು ಕೆಲಸ ಬಿಡುವ ದಿನ ಸಾವ್ಕಾರ್ರು, "ಏನ್ ಬೇಕೋ ಕೇಳಪ್ಪ" ಎಂದರಂತೆ. ಇವರು ಬೈಕು ಕೇಳಿದರು. ನಾನಾಗಿದ್ದರೆ ಸ್ಟೋರಿನ ತಕ್ಕಡಿ ಕೇಳುತ್ತಿದ್ದೆ. ನನ್ನದು ಮೆಣಸಿನ ವ್ಯಾಪಾರ, ಬೆಳಗೋಡಿನಲ್ಲಿ ಚಿಕ್ಕ ಅಂಗಡಿ.

ಕೆಲವು ವರ್ಷ ಇವರೇ ಓಡಿಸಿದರು, ನಾನು ಹಿಂದೆ ಕೂತೆ. ಆಮೇಲೆ ಇವರ ಕಣ್ಣಿಗೆ ಒಂದು ವಿಚಿತ್ರ ತೊಂದರೆ ಬಂತು. ಪಕ್ಕದ್ದು ಕಾಣುತ್ತದೆ, ನಟ್ಟನಡುವಿನದು ಕಾಣುವುದಿಲ್ಲ. ಎದುರು ನಿಂತವರ ಎರಡೂ ಭುಜ ಕಾಣುತ್ತವೆ, ಮುಖ ಇರಬೇಕಾದ ಕಡೆ ಹೊಗೆ. ಹಾಸನದ ಡಾಕ್ಟರು, ಇದ್ದದ್ದು ಉಳಿಸಿಕೊಳ್ಳೋಣ, ಹೋದದ್ದು ಬರುವುದಿಲ್ಲ ಎಂದರು. ಅವತ್ತು ಮನೆಗೆ ಬಂದು ಇವರು ನನಗೆ ಹೇಳಿದ್ದು ಒಂದೇ ಮಾತು.

"ಗಿರಿಜಾ, ಊರೋರ್ಗೆ ಹೇಳ್ಬೇಡ."

ರೈಟರ್ ಎಂದರೆ ಏನೆಂದು ನಿಮಗೆ ಗೊತ್ತಿರಬೇಕು. ಬೆಳಿಗ್ಗೆ ಕೆಲಸದವರು ಸಾಲಾಗಿ ನಿಂತರೆ ಒಬ್ಬೊಬ್ಬರ ಮುಖ ನೋಡಿ ಹಾಜರಿ ಹಾಕುವವರು. ಇಂಥವರ ಮಗಳು, ಇಂಥವರ ಭಾವಮೈದ ಎಂದು ಮೂರು ಹೋಬಳಿಯ ಮುಖಗಳನ್ನು ತಲೆಯಲ್ಲಿ ಇಟ್ಟುಕೊಂಡಿದ್ದ ಮನುಷ್ಯನಿಗೆ ಮುಖಗಳೇ ಅಳಿಸಿಹೋದವು. ಮೊದಮೊದಲು ಅಂಗಡಿಗೆ ಬಂದು ಕೂರುತ್ತಿದ್ದರು. ಯಾರೋ ನಕ್ಕು ಮಾತಾಡಿಸಿದರೆ ಯಾರೆಂದು ತಿಳಿಯದೆ ಬೆವರುತ್ತಿದ್ದರು. ಆಮೇಲೆ ಬರುವುದನ್ನೇ ಬಿಟ್ಟರು. ರೇಡಿಯೋ, ಮಂಚ, ಕಿಟಕಿ. ನನಗೆ ಹೊಟ್ಟೆ ಉರಿದುಹೋಗುತ್ತಿತ್ತು. ಕಣ್ಣು ಹೋದದ್ದಕ್ಕಿಂತ ಹೆಚ್ಚಾಗಿ, ಅದಕ್ಕೆ ತಲೆಬಾಗಿ ಕೂತದ್ದಕ್ಕೆ.

ಹಾಗಾಗಿ ಒಂದು ದಿನ, "ನಂಗೆ ಓಡ್ಸೋದ್ ಕಲ್ಸಿ" ಎಂದೆ. ಮೊಪೆಡ್ಡಿನಲ್ಲಿ ಮೆಣಸಿನ ಚೀಲ ಹೇರಿಕೊಂಡು ಗುಡ್ಡ ಹತ್ತಿಳಿದವಳು ನಾನು, ಇದೇನು ಮಹಾ ಎಂದುಕೊಂಡೆ. ಕಾಫಿ ಒಣಗಿಸುವ ಕಣದಲ್ಲಿ ಕಲಿಕೆ ನಡೆಯಿತು. ಇವರು ಹಿಂದೆ ಕೂತು, ಇಂಜಿನ್ನಿನ ಸದ್ದು ಕೇಳಿಯೇ, "ಈಗ ಗೇರ್ ಬದ್ಲಾಯ್ಸು, ಈಗ ಬಿಡು" ಎನ್ನುತ್ತಿದ್ದರು. ನಾನು ಬಿದ್ದೆ. ಒಂದಲ್ಲ ಹಲವು ಸಲ. ಒಮ್ಮೆ ಒಣಗಲು ಹಾಕಿದ್ದ ಕಾಫಿ ಹಣ್ಣಿನ ರಾಶಿಗೇ ನುಗ್ಗಿ ಇಬ್ಬರೂ ಹಣ್ಣಿನಲ್ಲಿ ಹೂತುಹೋದೆವು. ಇವರು ಹಣ್ಣಿನೊಳಗಿಂದಲೇ, "ಬ್ರೇಕ್ ಅಂತ ಒಂದೈತೆ ಕಣೇ" ಎಂದರು. ತಿಂಗಳುಗಳ ನಂತರ ಅವರು ನಗುವುದು ಕೇಳಿದ್ದು ಅವತ್ತೇ.

ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ನನ್ನ ಅಂಗಡಿಗೂ ಅವತ್ತೇ ರಜೆ. ಬೈಕಿಗೆ ಕೊಂಬಿಲ್ಲ, ಬಾಲವಿಲ್ಲ, ಆದ್ದರಿಂದ ಅದಕ್ಕೆ ಈ ರಜೆ ಅನ್ವಯಿಸುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಪ್ರತಿ ಸೋಮವಾರ ಇಬ್ಬರೂ ಹೊರಡುವುದು. ಸಕಲೇಶಪುರ, ಆಲೂರು, ಕುಂದೂರು, ನನ್ನ ತವರು ಮಗ್ಗೆ, ಮನಸ್ಸು ಬಂದರೆ ಇನ್ನೂ ದೂರ. ಕಾರಿನಲ್ಲಿ ಕೂತರೆ ಇವರಿಗೆ ಗಾಜಿನಾಚೆ ಬರೀ ಹೊಗೆ. ಬೈಕಿನಲ್ಲಾದರೆ ಮೂಗಿಗೇ ಊರು ಗೊತ್ತಾಗುತ್ತದೆ. ಕಾಫಿ ಹಣ್ಣು ಸುಲಿಯುವ ಪಲ್ಪರ್ ನೀರಿನ ಹುಳಿ ವಾಸನೆ ಬಂದರೆ ಇಂಥ ಎಸ್ಟೇಟು, ಶುಂಠಿ ಕಿತ್ತ ಮಣ್ಣಿನ ವಾಸನೆ ಬಂದರೆ ಕುಂದೂರು ಬಂತು ಎನ್ನುತ್ತಾರೆ.

ಮುಖಗಳ ಕೆಲಸ ನನ್ನದು. ದಾರಿಯಲ್ಲಿ ಪರಿಚಯದವರು ಕಂಡರೆ ಮುಂಚೆಯೇ ತಲೆ ಹೊರಳಿಸಿ, "ಎಡಕ್ಕೆ ಈರಣ್ಣ", "ಬಲಕ್ಕೆ ಟೀಚರಮ್ಮ" ಎಂದು ಕೂಗುವುದು. ಇವರು ಆ ಕಡೆಗೆ ಕೈ ಎತ್ತುವುದು. ಜನರಿಗೆ ಏನೂ ತಿಳಿಯುತ್ತಿರಲಿಲ್ಲ. ರೈಟರ್ರು ಎಷ್ಟು ದೂರದಿಂದ ಗುರುತು ಹಿಡಿಯುತ್ತಾರೆ ಎಂದು ಹೊಗಳಿದವರೂ ಇದ್ದಾರೆ. ಒಮ್ಮೆ ನನಗೇ ಬಿಸಿಲು ಕಣ್ಣಿಗೆ ಹೊಡೆದು, "ಎಡಕ್ಕೆ ಸಿದ್ದಪ್ಪ" ಎಂದುಬಿಟ್ಟೆ. ಇವರು ಗದ್ದೆಯ ಬೆದರುಬೊಂಬೆಗೆ ಕೈ ಎತ್ತಿ, "ಆರಾಮಾ?" ಎಂದು ವಿಚಾರಿಸಿದರು.

ಇಷ್ಟು ಹೇಳಿದ ಮೇಲೆ ಟೈರು ಸವೆದರೆ ನನಗೇನಾಗುತ್ತದೆ ಎಂದು ನಿಮಗೆ ಅರ್ಥವಾಗಿರಬೇಕು. ಬೈಕು ನಿಂತರೆ ಇವರೂ ನಿಲ್ಲುತ್ತಾರೆ. ಮತ್ತೆ ರೇಡಿಯೋ, ಮಂಚ, ಕಿಟಕಿ.

ಸವೆಯಿತು. ಇಬ್ಬರ ತೂಕ, ಮೂರು ಪೆಟ್ಟಿಗೆ, ನಮ್ಮ ರಸ್ತೆ. ಹಿಂದಿನ ಟೈರು ನಡುನೆತ್ತಿ ಬೋಳಾದ ಗಂಡಸಿನಂತೆ ಪಕ್ಕಗಳಲ್ಲಿ ಮಾತ್ರ ಗೆರೆ ಉಳಿಸಿಕೊಂಡಿತ್ತು. ಆ ಅಳತೆಯ, ಆ ಭಾರ ಹೊರುವ ಬೈಕಿನ ಟೈರು ಇಲ್ಲಿ ಸಿಗದು. ಹೊರಗಿನಿಂದ ತರಿಸುತ್ತಿದ್ದವರು ನಿಲ್ಲಿಸಿದ್ದರು. ನನ್ನ ಮೊಬೈಲಿನಲ್ಲಿ ಬೈಕಿನವರದೊಂದು ಗ್ರೂಪಿತ್ತು. ಅಲ್ಲಿ ಕೇಳಿದೆ. ಯಾವುದೋ ದೇಶದಲ್ಲಿ ಇಂಥ ಬೈಕುಗಳಿಗೆ ಕಾರಿನ ಟೈರು ಹಾಕಿಕೊಂಡು ಓಡಾಡುವ ಹುಚ್ಚರಿದ್ದಾರೆ ಎಂಬುದು ನನಗೆ ತಿಳಿದದ್ದು ಅಲ್ಲೇ. ತಿಳಿಸಿದವರು ಎಚ್ಚರಿಕೆ ಎಂದು ತಿಳಿಸಿದ್ದರು, ನಾನು ಉಪಾಯ ಎಂದು ಓದಿಕೊಂಡೆ.

ಹಾಕಿಸಿದರೆ ಹೇಗೆ ಎಂದು ಬರೆದದ್ದೇ ತಡ, ಗ್ರೂಪಿನ ಹಿರಿಯರೊಬ್ಬರು ಫೋನ್ ಮಾಡಿದರು. ನಿವೃತ್ತ ಇಂಜಿನಿಯರು, ಮಾತು ಮೃದು.

"ಗಿರಿಜಾ ಮೇಡಂ, ಬೈಕಿನ ಟೈರು ದುಂಡಗಿರುತ್ತೆ, ತಿರುವಿನಲ್ಲಿ ವಾಲಲಿ ಅಂತ. ಕಾರಿಂದು ಚಪ್ಪಟೆ. ಅದು ವಾಲೋಕೆ ಒಪ್ಪಲ್ಲ. ನಮ್ಮ ಗ್ರೂಪಿಗೆ ಇದು ಶೋಭೆ ಅಲ್ಲ. ನನ್ನ ಮಾತು ಕೇಳಿ, ಮಾರಿಬಿಡಿ. ಈ ವಯಸ್ಸಿನಲ್ಲಿ ಯಾಕೆ ನಿಮಗೆ."

ಟೈರಿನ ಬಗ್ಗೆ ಅವರು ಹೇಳಿದ್ದು ಸರಿಯೇ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಯೋಚಿಸುತ್ತಿದ್ದೆನೇನೋ. ಈ ವಯಸ್ಸಿನಲ್ಲಿ ಎಂಬ ಮಾತು ಕಿವಿಗೆ ಬಿತ್ತು ನೋಡಿ, ನನ್ನೊಳಗೆ ನಮ್ಮಪ್ಪ ಎದ್ದು ಕೂತ.

ನಮ್ಮಪ್ಪ ಮಗ್ಗೆಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ. ಮೆಣಸು, ಶುಂಠಿ, ಆಲೂಗೆಡ್ಡೆ, ಸಿಕ್ಕಿದ್ದು. ಆಗಿನ್ನೂ ನಮ್ಮೂರಿನಲ್ಲಿ ಎಲ್ಲ ಗಾಡಿಗಳಿಗೂ ಮರದ ಚಕ್ರ, ಅದಕ್ಕೊಂದು ಕಬ್ಬಿಣದ ಪಟ್ಟಿ. ಅಪ್ಪ ಎಲ್ಲಿಂದಲೋ ಕೆಟ್ಟುನಿಂತ ಜೀಪಿನ ಎರಡು ಚಕ್ರ ಹೊತ್ತು ತಂದು ಎತ್ತಿನ ಗಾಡಿಗೆ ಹೂಡಿಸಿದ. ಊರು ಕೂಡಿತು. ಎತ್ತಿಗೂ ಲೈಸೆನ್ಸ್ ಮಾಡಿಸು ಎಂದರು, ಹಾರನ್ ಎಲ್ಲಿ ಕಟ್ಟುತ್ತೀಯ ಎಂದರು. ಗುರುಪಾದಪ್ಪಜ್ಜ ಎಂದು ಒಬ್ಬ ಹಿರಿಯರಿದ್ದರು, ಅವರು ನಗಲಿಲ್ಲ.

"ಗಾಡಿ ಅಂದ್ರೆ ಗಡಗಡ ಅನ್ಬೇಕು ಕಣೋ. ಸದ್ದಿಲ್ದಂಗೆ ಮನೆ ಬಾಗ್ಲಿಗೆ ಬರೋದು ಎರಡೇ. ಕಳ್ಳ, ಇಲ್ಲಾ ಸಾವು."

ಅಪ್ಪ ಎತ್ತಿನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು ನನಗೆ ಇನ್ನೂ ಕೇಳಿಸುತ್ತದೆ.

"ಇದ್ನ ಕೇಳಜ್ಜ. ಎಳಿಯೋದು ನೀನೂ ಅಲ್ಲ, ನಾನೂ ಅಲ್ಲ."

ಮೊದಲ ಇಳಿಜಾರಿನಲ್ಲೇ ಅಪ್ಪನ ಹಠ ಕೆಸರಿಗೆ ಬಿತ್ತು. ಮರದ ಚಕ್ರ ಇಳಿಜಾರಿನಲ್ಲೂ ಗೊಣಗುತ್ತ ಇಳಿಯುತ್ತದೆ, ರಬ್ಬರು ಚಕ್ರ ಹಾಗಲ್ಲ. ಗಾಡಿಯೇ ಎತ್ತುಗಳನ್ನು ಅಟ್ಟಿಸಿಕೊಂಡು ಹೋಯಿತು. ಎತ್ತು, ಗಾಡಿ, ಆಲೂಗೆಡ್ಡೆ ಮೂಟೆ, ಅಪ್ಪ, ಎಲ್ಲ ಗದ್ದೆಯಲ್ಲಿ. ನಾಟಿ ಮಾಡುತ್ತಿದ್ದ ಹೆಂಗಸರು ಆಲೂಗೆಡ್ಡೆ ಆರಿಸಿಕೊಟ್ಟರು. ಮಾರನೆಯ ದಿನ ಅಪ್ಪ ಗಾಡಿಯ ಹಿಂದೆ ಹಗ್ಗ ಕಟ್ಟಿ ಒಂದು ಮರದ ದಿಮ್ಮಿ ಹೇರಿಕೊಂಡ. ಇಳಿಜಾರು ಬಂದರೆ ದಿಮ್ಮಿ ಕೆಳಗೆ ಬಿಡುವುದು, ಅದು ನೆಲ ಕೆರೆದುಕೊಂಡು ಗಾಡಿಯನ್ನು ಹಿಡಿದೆಳೆಯುವುದು. ಹಳೆಯ ಚಕ್ರಕ್ಕೆ ಮಾತ್ರ ವಾಪಸು ಹೋಗಲಿಲ್ಲ. ಕೆಲವು ವರ್ಷಗಳಲ್ಲಿ ಊರಿಗೆಲ್ಲ ಟೈರ್ ಗಾಡಿಗಳು ಬಂದವು. ಗುರುಪಾದಪ್ಪಜ್ಜ ಕೊನೆಯವರೆಗೂ ಒಪ್ಪಲಿಲ್ಲ, ಅವರದೂ ಸರಿಯೇ, ಅವರಿಗೂ ಅವರ ಹಠ ಇತ್ತು. ಅಪ್ಪ ಸೋತ ಹಠಗಳೂ ಬೇಕಾದಷ್ಟಿವೆ. ಮಳೆಗೆ ನೆನೆಯಬಾರದೆಂದು ಎತ್ತುಗಳಿಗೆ ಟಾರ್ಪಾಲಿನ ಅಂಗಿ ಹೊಲಿಸಿದ್ದ. ಅಂಗಿ ಪಟಪಟ ಅಂದಿದ್ದಕ್ಕೆ ಹೆದರಿ ಓಡಿದ ಎತ್ತುಗಳನ್ನು ಹುಡುಕಿ ತರಲು ಎರಡು ಊರು ದಾಟಬೇಕಾಯಿತು. "ಅಪ್ಪನ್ ಹಠ ನಿಂಗೆ ಬಂದೈತೆ, ಬುದ್ಧಿ ಯಾರ್ದು ಬರುತ್ತೋ ನೋಡಾನ" ಎಂದು ಅವ್ವ ಹೇಳುತ್ತಿದ್ದಳು.

ಗ್ರೂಪಿನ ಹಿರಿಯರಿಗೆ ನಾನು, "ಯೋಚಿಸ್ತೀನಿ ಸರ್" ಎಂದೆ. ಆಗಲೇ ಯೋಚಿಸಿ ಆಗಿತ್ತು. ಕಾರಿನ ಟೈರಿನ ಚಿತ್ರ ಗ್ರೂಪಿಗೆ ಹಾಕಿ, ಯಾವ ಅಳತೆ ಸರಿ ಎಂದು ಕೇಳಿದೆ. ಸ್ವಲ್ಪ ಹೊತ್ತಿಗೆ ನನ್ನನ್ನು ಗ್ರೂಪಿನಿಂದ ತೆಗೆದಿದ್ದರು. ಒಳ್ಳೆಯದೇ ಆಯಿತು. ದಿನಾ ಬೆಳಿಗ್ಗೆ ಬರುತ್ತಿದ್ದ ಶುಭೋದಯದ ಹೂಗಳೂ ನಿಂತವು.

ಅಳತೆ ನಾನೇ ತೆಗೆದೆ. ರವಿಕೆ ಹೊಲಿಯುವ ಟೇಪು ಹಿಡಿದು ಬೈಕಿನ ಕೆಳಗೆ ಅಂಗಾತ ಮಲಗಿ, ಚಕ್ರಕ್ಕೂ ಪಕ್ಕದ ಕಬ್ಬಿಣಕ್ಕೂ ಎಷ್ಟು ಸಂದು ಇದೆ ಎಂದು ನೋಡಿದೆ. ಅಗಲ ಜಾಸ್ತಿಯಾದರೆ ಉಜ್ಜುತ್ತದೆ, ಎತ್ತರ ಜಾಸ್ತಿಯಾದರೆ ಮೇಲಿನ ತಗಡಿಗೆ ತಾಗುತ್ತದೆ. ರಿಮ್ಮಿನ ಅಳತೆ ಮಾತ್ರ ದೇವರ ದಯೆ, ಸಾಮಾನ್ಯ ಕಾರುಗಳದ್ದೇ. ಯಜಮಾನರು ಜಗಲಿಯಲ್ಲಿ ಕೂತು ಕೇಳಿದರು.

"ಏನ್ ಮಾಡ್ತಿದ್ದೀಯ?"

"ರವಿಕೆ ಅಳತೆ."

"ಬೈಕಿಗಾ?"

ಆಗ ಹೇಳಲೇಬೇಕಾಯಿತು. ಇವರು ನೆಟ್ಟಗೆ ಕೂತರು. ಆಮೇಲೆ ಎಸ್ಟೇಟಿನಲ್ಲಿ ಹಾಜರಿ ಕೂಗುತ್ತಿದ್ದ ದನಿ ಬಂತು.

"ನೋಡು, ಬೈಕು ಅಂದ್ರೆ ವಾಲ್ಬೇಕು. ವಾಲ್ದೆ ಇರೋದು ಬೈಕಲ್ಲ, ಚಕ್ರ ಕಮ್ಮಿ ಇರೋ ಎತ್ತಿನ ಗಾಡಿ. ನೀ ಹಾಕ್ಸು, ನಿನ್ನಿಷ್ಟ. ನಾ ಅದ್ರ ಹಿಂದೆ ಕೂರಲ್ಲ."

"ಕೂರ್ದೆ ಏನ್ ಮಾಡ್ತೀರಿ?"

"ರೇಡಿಯೋ ಕೇಳ್ತೀನಿ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರಿಗಾಗಿ ಈ ಟೈರು? ಮುಂದಿನ ಚಕ್ರ ಓಡಿಸುವವಳದ್ದು, ಹಿಂದಿನದು ಹಿಂದೆ ಕೂತವರದ್ದು. ಅವರದೇ ಚಕ್ರಕ್ಕೆ ಟೈರು ಹುಡುಕುತ್ತ ನಾನು ನೆಲದಲ್ಲಿ ಹೊರಳಾಡುತ್ತಿದ್ದರೆ, ಅವರು ಜಗಲಿಯಲ್ಲಿ ಕೂತು ನಿಯಮ ಹೇಳುತ್ತಾರೆ.

ಸಕಲೇಶಪುರದ ಹೆದ್ದಾರಿಯ ಪಕ್ಕದ ಟೈರಿನ ಅಂಗಡಿಗೆ ಹೋದೆ. ಅಂಗಡಿಯವನನ್ನು ಮಹೇಶ ಎನ್ನೋಣ, ನಿಜವಾದ ಹೆಸರು ಎಲ್ಲೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾನೆ. ಸಾಲಾಗಿ ನಿಲ್ಲಿಸಿದ್ದ ಟೈರುಗಳ ಮಧ್ಯೆ ನಾನು ಓಡಾಡಿದೆ. ಅಪ್ಪ ಎತ್ತು ಕೊಳ್ಳುವಾಗ ಮಾಡುತ್ತಿದ್ದ ಹಾಗೆ ತಟ್ಟಿ ನೋಡಿದೆ, ಪಕ್ಕೆ ಒತ್ತಿ ನೋಡಿದೆ. ಒಂದು ಅಗಲದ್ದು ಚೆಂದ ಕಂಡಿತು, ಆದರೆ ಉಜ್ಜುತ್ತಿತ್ತು. ಇನ್ನೊಂದರ ಗೆರೆ ಆಳ, ಮಳೆನೀರು ಸರಾಗ ಹರಿಯುತ್ತದೆ, ಆದರೆ ಪಕ್ಕೆ ಹಪ್ಪಳದ ಹಿಟ್ಟಿನಂತೆ ಮೆತ್ತಗೆ. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದ ಒಂದು ಸಿಕ್ಕಿತು. ಗಾಳಿ ಹೋದರೂ ಸ್ವಲ್ಪ ದೂರ ಕುಸಿಯದೆ ಓಡುವಂತೆ ಗಟ್ಟಿ ಪಕ್ಕೆ ಮಾಡಿದ್ದು. ಯಾರೋ ಹೇಳಿ ತರಿಸಿ, ಕೊಳ್ಳದೆ ಹೋಗಿದ್ದರಂತೆ.

"ಇದು" ಎಂದೆ.

"ಅಕ್ಕ, ಇದು ಕಾರಿಂದು."

"ಗೊತ್ತು ಕಣೋ."

"ನಿಮ್ದು ಬೈಕು."

"ಅದೂ ಗೊತ್ತೈತೆ."

ಮಹೇಶ ಒಮ್ಮೆ ಟೈರು ನೋಡಿದ, ಒಮ್ಮೆ ರಸ್ತೆ ನೋಡಿದ. "ಏನಾರ ಆದ್ರೆ ಯಜಮಾನ್ರು ನನ್ನ ಬಿಡ್ತಾರಾ?"

"ಆದ್ರೆ ನಾನೇ ಇರಲ್ಲ. ಅವ್ರನ್ನ ನೀನೇ ಸಮಾಧಾನ ಮಾಡ್ಕೊ. ಹಾಕು."

ಹಾಕಿದ. ಬೈಕಿನ ರಿಮ್ಮು ಕಾರಿನ ಟೈರನ್ನು ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲ. ಟೈರಿನ ಅಂಚು ರಿಮ್ಮಿನ ಮೇಲೆ ಕೂರುವವರೆಗೆ ಗಾಳಿ ತುಂಬುತ್ತಲೇ ಇರಬೇಕು. ಮಹೇಶ ಉದ್ದನೆಯ ಪೈಪು ಹಿಡಿದು ಗೋಡೆಯ ಆಚೆ ನಿಂತ. ನನ್ನನ್ನೂ ಎಳೆದುಕೊಂಡ. ಢಂ ಎಂದು ಸದ್ದಾಯಿತು. ಪಕ್ಕದ ಹೋಟೆಲಿನವರು ಹೊರಗೆ ಓಡಿ ಬಂದರು. ನೋಡಿದರೆ ಟೈರು ಏನೂ ಆಗದವರ ಹಾಗೆ ರಿಮ್ಮಿನ ಮೇಲೆ ಕೂತಿತ್ತು.

ಮನೆಗೆ ಬರುವ ದಾರಿಯ ಮೊದಲ ತಿರುವಿನಲ್ಲಿ ಗ್ರೂಪಿನ ಹಿರಿಯರು ನೆನಪಾದರು. ನಾನು ತಿರುಗಿಸಿದೆ, ಬೈಕು ತಿರುಗಲಿಲ್ಲ. ನೆಟ್ಟಗೆ ನಿಂತೇ ಹೋಗುತ್ತೇನೆ ಎಂದಿತು. ಹ್ಯಾಂಡಲ್ಲನ್ನು ಒತ್ತಿ ಹಿಡಿದರೆ ಮಾತ್ರ ವಾಲುತ್ತದೆ, ಕೈ ಸಡಿಲಿಸಿದರೆ ಮತ್ತೆ ಎದ್ದು ನಿಲ್ಲುತ್ತದೆ. ರಸ್ತೆಯಲ್ಲಿ ಲಾರಿ ಚಕ್ರದ ಗುಂಡಿ ಗೆರೆ ಇದ್ದರೆ ಅದೇ ಗೆರೆ ಹಿಡಿದು ಹೋಗುತ್ತದೆ. ಆದರೆ ನೇರ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ನೆಲ ಕಚ್ಚಿ ನಿಂತಿತು. ಇದರ ಸ್ವಭಾವ ಅರ್ಥವಾಗಲು ದಿನ ಹಿಡಿಯುತ್ತದೆ, ಸಂಸಾರ ಮಾಡಿದವಳಿಗೆ ಇದು ಹೊಸದಲ್ಲ ಎಂದುಕೊಂಡೆ.

ಒಬ್ಬಳೇ ಓಡಿಸಿ ಪಳಗಿದೆ. ಹಿಂದೆ ಭಾರ ಇದ್ದರೆ ಹೇಗೆ ಎಂದು ತಿಳಿಯಬೇಕಿತ್ತು. ಭಾರ ಜಗಲಿಯಲ್ಲಿ ರೇಡಿಯೋ ಕೇಳುತ್ತಿತ್ತು. ಹಾಗಾಗಿ ಒಂದು ಪೂರ್ತಿ ಮೆಣಸಿನ ಚೀಲ, ಅದರ ಮೇಲೊಂದು ಅರ್ಧ ಚೀಲ ಹಿಂದಿನ ಸೀಟಿನ ಮೆತ್ತೆಗೆ ಒರಗಿಸಿ ಹಗ್ಗ ಬಿಗಿದೆ. ಹೆಚ್ಚುಕಮ್ಮಿ ಇವರದೇ ತೂಕ. ಹೊರಡುವ ಹೊತ್ತಿಗೆ ಮಳೆ ಹನಿಯಿತು. ಮೆಣಸು ನೆನೆಯಬಾರದಲ್ಲ, ಇವರ ಹಸಿರು ರೇನ್‌ಕೋಟು ತೊಡಿಸಿದೆ. ಕೋಟಿನ ತಲೆಭಾಗ ಗಾಳಿಗೆ ಹಾರಬಾರದಲ್ಲ, ಇವರ ಹೆಲ್ಮೆಟ್ಟನ್ನೂ ಒತ್ತಿ ಕೂರಿಸಿ ಪಟ್ಟಿ ಎಳೆದೆ. ಬೇರೆ ಯಾವ ಉದ್ದೇಶವೂ ನನಗಿರಲಿಲ್ಲ. ನೀವು ನಂಬಬೇಕು.

ಅವತ್ತಿನಿಂದ ದಿನಾ ಮೂಟೆಯೊಂದಿಗೆ ನನ್ನ ಸಂಚಾರ. ವಾಡಿಕೆ ಎಂಥದ್ದು ನೋಡಿ, ಬಸ್ ಸ್ಟ್ಯಾಂಡು ಬಂದರೆ ಬಾಯಿ ತಾನಾಗಿ, "ಎಡಕ್ಕೆ ಈರಣ್ಣ" ಎನ್ನುತ್ತಿತ್ತು. ಹಿಂದಿನಿಂದ ಯಾರೂ ಕೈ ಎತ್ತುತ್ತಿರಲಿಲ್ಲ. ಒಂದೆರಡು ಸಲ ಹೀಗಾದ ಮೇಲೆ ಕೂಗುವುದು ನಿಲ್ಲಿಸಿದೆ.

ಒಂದು ವಾರ ಕಳೆದಿರಬೇಕು. ಟೀ ಹೋಟೆಲಿನ ಈರಣ್ಣ ನಮ್ಮ ಮನೆಗೇ ಬಂದ. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಜಗಲಿಯ ಮಾತು ಕೇಳಿಸುತ್ತಿತ್ತು.

"ಯಾಕ್ ರೈಟರ್ರೆ, ನಮ್ ಮ್ಯಾಲೆ ಏನಾರ ಬೇಜಾರಾ?"

"ಯಾರು, ಈರಣ್ಣನಾ? ಬೇಜಾರ್ ಯಾಕಪ್ಪ?"

"ಮತ್ತೇನ್ ಮಾರಾಯ್ರೆ, ದಿನಾ ಅಕ್ಕನ ಹಿಂದೆ ಕೂತ್ಕಂಡ್ ಹೋಗ್ತೀರ. ನಾ ಕೈ ಮುಗುದ್ರೆ ತಿರುಗೂ ನೋಡಲ್ಲ. ನೆನ್ನೆ ನಮ್ ಹೋಟ್ಲು ಮುಂದೇ ನಿಲ್ಸಿತ್ತು. ನಾ ಹತ್ರ ಬಂದು ಟೀ ಬೇಕಾ ಅಂತ ಕೇಳ್ದೆ. ಗುಮ್ ಅಂತ ಕೂತ್ಬುಟ್ರಿ. ಟೀಚರಮ್ಮನೂ ಅಂದ್ರು, ರೈಟರ್ರಿಗೆ ದುರಹಂಕಾರ ಬಂದೈತೆ ಅಂತ."

ನಾನು ರೊಟ್ಟಿ ಸೀದದ್ದು ಗಮನಿಸಲಿಲ್ಲ. ದಿನಾ ಮೂಟೆ ಬಿಗಿಯುವ ಸದ್ದು ಜಗಲಿಗೆ ಕೇಳಿಸುತ್ತಿತ್ತು, ಇವರಿಗೆ ಎಲ್ಲ ಹೊಳೆದಿರಬೇಕು. ಅದು ಮೂಟೆ ಎಂದು ಹೇಳಿದರೆ, ಮೂಟೆಗೂ ತನಗೂ ವ್ಯತ್ಯಾಸ ತಿಳಿಯದ ಹಾಗೆ ತಾನು ಬದುಕುತ್ತಿದ್ದೇನೆ ಎಂದು ಒಪ್ಪಿಕೊಂಡ ಹಾಗೆ. ಹೇಳದಿದ್ದರೆ ದುರಹಂಕಾರ. ಕೊನೆಗೆ, "ಜ್ವರ ಇತ್ತು ಕಣಪ್ಪ" ಎಂದು ಈರಣ್ಣನನ್ನು ಕಳಿಸಿದರು. ಒಳಗೆ ಬಂದು ಬಾಗಿಲ ಬಳಿ ನಿಂತರು.

"ನನ್ ಕೋಟು ಯಾರಿಗ್ ಹಾಕಿದ್ದೀಯ?"

"ಮೆಣಸಿಗೆ."

"ಹೆಲ್ಮೆಟ್ಟು?"

"ಅದಕ್ಕೇ."

"ಮೂಟೆ ನನ್ ಮಾನ ಕಳೀತಾ ಐತೆ, ಗಿರಿಜಾ."

ನಾನು ಕೈಯ ಹಿಟ್ಟು ಕೊಡವಿದೆ. "ಕಳೀಲಿ. ಅದಾದ್ರೂ ನನ್ ಜತೆ ಊರು ಸುತ್ತುತ್ತೆ. ನಿಮ್ ಕಣ್ ಹೋಗೈತೆ ಅಂತ ಊರಿಗ್ ಗೊತ್ತಾದ್ರೆ ಏನಾಗುತ್ತೆ? ಕಾಫಿ ಬೆಳೆಯಲ್ವಾ, ಮೆಣಸು ಬಿಡಲ್ವಾ? ನೀವು ಹೆದರ್ಕಂಡ್ ಮೂಲೆ ಹಿಡೀರಿ. ನಾನಂತೂ ಈ ಟೈರು ಬಿಚ್ಚಲ್ಲ." ಇವರು ಹೊರಗೆ ಹೋದರು.

ಮುಂದಿನ ಸೋಮವಾರ ಬೆಳಿಗ್ಗೆ ನಾನು ಎಂದಿನಂತೆ ಮೂಟೆ ಕಟ್ಟಿ ನಿಲ್ಲಿಸಿ ಒಳಗೆ ಬೀಗದ ಕೈ ತರಲು ಹೋಗಿದ್ದೆ. ಹೊರಗೆ ಬಂದರೆ ಇವರು ಹಗ್ಗ ತಡಕಾಡಿ ಗಂಟು ಬಿಚ್ಚುತ್ತಿದ್ದರು.

"ಇಳ್ಸು ಇದ್ನ."

ಇಬ್ಬರೂ ಸೇರಿ ಇಳಿಸಿದೆವು. ಇವರು ಮೂಟೆಯಿಂದ ಕೋಟು ಬಿಚ್ಚಿ ತಾವು ತೊಟ್ಟರು. ಒಂದು ಸೀನು ಬಂತು, ಕೋಟಿಗೆಲ್ಲ ಮೆಣಸಿನ ಘಾಟು. ಹತ್ತುವ ಮೊದಲು ಬಗ್ಗಿ, ಹೊಸ ಟೈರಿನ ಮೇಲೆ ಅಡ್ಡಡ್ಡ ಕೈಯಾಡಿಸಿದರು. "ಪೂರ್ತಿ ಚಪ್ಪಟೆ" ಎಂದರು.

"ಹಳೇದೂ ಸವೆದು ಸವೆದು ಹಿಂಗೇ ಆಗಿತ್ತು. ನಾನು ಮೊದ್ಲೇ ಚಪ್ಪಟೆ ತಂದಿದ್ದೀನಿ, ಅಷ್ಟೇ."

ಇವರ ಮೂಗಿನಲ್ಲಿ ಚೂರು ನಗು ಬಂದ ಹಾಗಾಯಿತು.

ನಮ್ಮ ಮನೆಯಿಂದ ಬೆಳಗೋಡಿಗೆ ಹೋಗುವಾಗ ಒಂದು ಅತ್ತಿಮರದ ತಿರುವಿದೆ. ಇಳಿಜಾರು, ಹತ್ತಿರ ಬರುವ ತನಕ ಮುಂದಿನದು ಕಾಣದು. ಮೂಟೆ ಹೊತ್ತಾಗ ನಾನು ಅಲ್ಲಿ ಹಲ್ಲು ಕಚ್ಚಿ ಹ್ಯಾಂಡಲ್ಲು ಒತ್ತುತ್ತಿದ್ದೆ. ಮೂಟೆ ಬೈಕು ವಾಲಿದಷ್ಟೇ ವಾಲುತ್ತದೆ, ಅದಕ್ಕಿಂತ ಮುಂಚೆ ವಾಲುವುದು ಅದಕ್ಕೆ ಗೊತ್ತಿಲ್ಲ. ಅವತ್ತೂ ಹಲ್ಲು ಕಚ್ಚಿ ತಯಾರಾದೆ. ತಿರುವು ಎಂದು ಕೂಗಬೇಕು ಎನ್ನುವಷ್ಟರಲ್ಲಿ ಹಿಂದಿನ ಭಾರ ಮೆಲ್ಲಗೆ ಎಡಕ್ಕೆ ಸರಿಯಿತು. ಬೈಕು ತಾನಾಗಿ ವಾಲಿತು. ನಾನು ಒತ್ತಿದ್ದು ಅರ್ಧಕ್ಕರ್ಧ. ಅತ್ತಿಮರ ಪಕ್ಕದಲ್ಲಿ ಹಾದುಹೋಯಿತು.

"ಹೆಂಗ್ ಗೊತ್ತಾಯ್ತು?" ಎಂದೆ.

"ಈ ದಾರೀಲಿ ಎಷ್ಟು ವರ್ಷ ಓಡ್ಸಿದ್ದೀನಿ ನಾನು. ಕಣ್ಣು ಯಾಕ್ ಬೇಕು?" ಸ್ವಲ್ಪ ಮುಂದೆ ಹೋದ ಮೇಲೆ ಕಿವಿಯ ಹತ್ತಿರ ಬಂದು, "ಮುಂದಿನ್ದು ಬಲಕ್ಕೆ. ನಾನು ಮೊದ್ಲು ವಾಲ್ತೀನಿ, ಆಮೇಲೆ ನೀನು ಒತ್ತು" ಎಂದರು.

ಕಣದಲ್ಲಿ ಬೈಕು ಕಲಿಸಿದ ದನಿ ಅದು. ನನಗೆ ಹೆಲ್ಮೆಟ್ಟಿನೊಳಗೆ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ. ಬೆಳಗೋಡಿನವರೆಗೂ ಒಂದೊಂದು ತಿರುವಿಗೂ ಇವರು ಮೊದಲು, ನಾನು ಆಮೇಲೆ.

ಈರಣ್ಣನ ಹೋಟೆಲಿನ ಹತ್ತಿರ, "ಎಡಕ್ಕೆ ಈರಣ್ಣ" ಎಂದೆ. ಇವರು ಕೈ ಎತ್ತಲಿಲ್ಲ. ಭುಜ ತಟ್ಟಿ, ನಿಲ್ಲಿಸು ಎಂದರು. ಇಳಿದು, ಹೆಲ್ಮೆಟ್ಟು ತೆಗೆದು, ಗಲ್ಲಾಪೆಟ್ಟಿಗೆಯ ಕಡೆಗೆ ತಿರುಗಿ ನಿಂತರು. ಹೋಟೆಲಿನಲ್ಲಿ ಟೀಚರಮ್ಮನೂ ಸೇರಿ ಊರಿನ ಅರ್ಧ ಜನ ಇದ್ದರು.

"ಈರಣ್ಣ, ಅವತ್ತು ನಿನ್ ಹೋಟ್ಲು ಮುಂದೆ ಕೂತಿದ್ದು ನಾನಲ್ಲ, ಮೆಣಸಿನ ಮೂಟೆ. ನನ್ ಕಣ್ ಹೋಗಿ ವರ್ಷಗಳಾದ್ವು ಕಣಯ್ಯ. ಯಾರ ಮುಖನೂ ಕಾಣಲ್ಲ. ಇನ್ನು ಮಾತಾಡ್ಸೋರು ಹೆಸ್ರು ಹೇಳಿ ಮಾತಾಡ್ಸಿ."

ಈರಣ್ಣ ಗಲ್ಲಾ ಬಿಟ್ಟು ಎದ್ದು ಬಂದು ಇವರ ಕೈ ಹಿಡಿದುಕೊಂಡ. "ಈರಣ್ಣ ರೈಟರ್ರೆ, ಹೋಟ್ಲು ಈರಣ್ಣ" ಎಂದ. ಟೀಚರಮ್ಮ ಎದ್ದು ತಮ್ಮ ಹೆಸರು ಹೇಳಿದರು. ಆಮೇಲೆ ಒಬ್ಬೊಬ್ಬರೇ ಬಂದು ಹೆಸರು ಹೇಳಿದರು, ಎಸ್ಟೇಟಿನ ಹಾಜರಿಯ ಹಾಗೆ. ಇವರು ಪ್ರತಿಯೊಬ್ಬರಿಗೂ ಇಂಥವರ ಮಗ, ಇಂಥವರ ಸೊಸೆ ಎಂದು ಸೇರಿಸಿದರು. ಒಂದೂ ತಪ್ಪಲಿಲ್ಲ.

ಹೊರಡುವಾಗ ಈರಣ್ಣನ ಕಣ್ಣು ಹಿಂದಿನ ಚಕ್ರದ ಮೇಲೆ ಬಿತ್ತು. "ಇದೇನ್ ರೈಟರ್ರೆ, ಕಾರಿನ್ ಟೈರ್ ಹಾಕಿದ್ದೀರಲ್ಲ. ಇದು ವಾಲುತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು.

"ಮೂಟೆ ಕೂತ್ರೆ ವಾಲಲ್ಲ. ಮನ್ಷ ಕೂತ್ರೆ ವಾಲ್ತದೆ."

ವಾಪಸು ಬರುವಾಗ ನಾನು ಯಾರ ಹೆಸರನ್ನೂ ಕೂಗಲಿಲ್ಲ. ಇವರು ಎಡಕ್ಕೂ ಬಲಕ್ಕೂ ಸುಮ್ಮನೆ ಕೈ ಎತ್ತುತ್ತಲೇ ಬಂದರು. ಬಸ್ಸಿಗೆ ನಿಂತವರಿಗೆ ಎತ್ತಿದರು, ಎಮ್ಮೆಗಳಿಗೆ ಎತ್ತಿದರು, ಗದ್ದೆಯ ಬೆದರುಬೊಂಬೆಗೂ ಎತ್ತಿದರು. ನಾನು ತಿದ್ದಲಿಲ್ಲ.